ನಾಲ್ಕನೇ ನಂಬರಿನವಳ ಬೀಳ್ಕೊಡುಗೆ

ತೊಯೊಕುರ ಚಿಜುರು ಆಟ ಬಿಡುತ್ತಿದ್ದಾಳೆ ಅನ್ನುವ ಸುದ್ದಿ ಸ್ವತಃ ಚಿಜುರುವಿಗೆ ಗೊತ್ತಾದದ್ದು ಒಂದು ಮೀನಿನ ಆರ್ಡರ್ ಚೀಟಿಯಿಂದ. ಊರಿನ ಪತ್ರಿಕೆಯವರಿಗೆ ಅದಾಗಲೇ ಗೊತ್ತಿತ್ತು. ಹೂವಿನಂಗಡಿಯವಳಿಗೆ ಗೊತ್ತಿತ್ತು. ಮೇಯರರ ಕಚೇರಿಯಲ್ಲಿ ಚಹಾ ಕೊಡುವವಳಿಗೂ ಗೊತ್ತಿತ್ತಂತೆ. ಹದಿನೇಳು ವರ್ಷ ಇಸೊನಾಮಿ ಮಹಿಳಾ ಫುಟ್‌ಬಾಲ್ ತಂಡದ ಗೋಲಿನ ಮುಂದೆ ನಿಂತು ಒದೆ ತಿಂದವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಸುದ್ದಿ ತಲುಪಿತ್ತು.

ಇಸೊನಾಮಿ ಅಂದರೆ ಕಾಮಬೊಕೊ ಕಂಪನಿ. ಮೀನನ್ನು ರುಬ್ಬಿ, ಹಬೆಯಲ್ಲಿ ಬೇಯಿಸಿ, ಬಣ್ಣ ಹಚ್ಚಿ ಮಾರುವುದು ಅದರ ಕಸುಬು. ತಂಡ ಸಾಕಿಕೊಂಡಿರುವುದು ಅದರ ಶೋಕಿ. ಆಟಗಾರ್ತಿಯರೆಲ್ಲ ಬೆಳಗ್ಗೆ ಎಂಟರಿಂದ ಎರಡರವರೆಗೆ ಕಾರ್ಖಾನೆಯಲ್ಲಿ ದುಡಿದು ಮೂರಕ್ಕೆ ಮೈದಾನಕ್ಕೆ ಹೋಗುತ್ತಾರೆ. ಚಿಜುರುವಿನ ಕೆಲಸ ಅಲಂಕಾರ ವಿಭಾಗದಲ್ಲಿ. ಮದುವೆಯಾಯಿತು, ಮಗು ಹುಟ್ಟಿತು, ಅಜ್ಜನಿಗೆ ಎಂಬತ್ತೆಂಟು ತುಂಬಿತು ಅಂತ ಈ ಕಡೆಯ ಜನ ಕೆಂಪು ಮೀನಿನ ಆಕಾರದ ದೊಡ್ಡ ಕಾಮಬೊಕೊ ಹಂಚುತ್ತಾರೆ. ಸುಮಿಯೆ ಎಂಬ ಅರುವತ್ತಮೂರರ ಹೆಂಗಸು ಅದರ ಮೇಲೆ ಬಣ್ಣದ ಹಿಟ್ಟಿನಲ್ಲಿ ಕಣ್ಣು, ರೆಕ್ಕೆ, ಅಕ್ಷರ ಬಿಡಿಸುತ್ತಾಳೆ. ಚಿಜುರು ಅದನ್ನು ಪೆಟ್ಟಿಗೆಗೆ ಹಾಕಿ ದಾರ ಕಟ್ಟುತ್ತಾಳೆ.

ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ ಸುಮಿಯೆ ಆ ದಿನದ ಚೀಟಿಗಳನ್ನು ತಿರುವಿಹಾಕುತ್ತಿದ್ದವಳು ಒಂದನ್ನು ಹಿಡಿದು ಕನ್ನಡಕ ಹಣೆಗೇರಿಸಿದಳು.

“ಅಲ್ವೇ ಚಿಜುರು, ಆಟ ಬಿಡ್ತೀನಿ ಅಂತ ನನಗೊಂದು ಮಾತು ಹೇಳಬಾರದಿತ್ತಾ? ಇಷ್ಟು ವರ್ಷ ಪಕ್ಕದಲ್ಲೇ ನಿಂತಿದೀವಿ.”

“ಯಾರು ಬಿಡ್ತಿರೋದು?”

“ನೀನೇ ಕಣೆ. ದೊಡ್ಡ ಸೈಜಿನ ಮೀನು ಒಂದು. ಹೊಟ್ಟೆ ಮೇಲೆ ‘ಹದಿನೇಳು ವರ್ಷ ದುಡಿದು ದಣಿದಿರಿ’ ಅಂತ ಬೀಳ್ಕೊಡುಗೆ ಮಾತು ಬರೀಬೇಕಂತೆ, ಕೆಳಗೆ ನಿನ್ನ ಹೆಸರು. ಅಕ್ಟೋಬರ್ ಹದಿಮೂರು ಭಾನುವಾರ ಮೈದಾನಕ್ಕೆ ಕಳಿಸ್ಬೇಕಂತೆ.”

ಚಿಜುರು ಚೀಟಿ ಕಸಿದುಕೊಂಡು ಓದಿದಳು. ಕೆಳಗೆ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಕಜಮನ ಮೊಹರು ಕೆಂಪಗೆ ಕೂತಿತ್ತು. ಸುಮಿಯೆ ಅವಳ ಮುಖ ನೋಡಿದಳು, ಚೀಟಿ ನೋಡಿದಳು, ಮತ್ತೆ ಮುಖ ನೋಡಿದಳು. ಮೂವತ್ತು ವರ್ಷದಿಂದ ಮೀನಿಗೆ ಕಣ್ಣು ಬರೆದವಳಿಗೆ ಮನುಷ್ಯರ ಕಣ್ಣು ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಅಯ್ಯೋ, ನಿನಗೇ ಗೊತ್ತಿಲ್ವಾ? ಈಗ ಈ ಮೀನನ್ನ ಏನು ಮಾಡ್ಲಿ?”

“ಆರ್ಡರ್ ಬಂದಿದೆಯಲ್ಲ. ಮಾಡು,” ಅಂದಳು ಚಿಜುರು. ಚೀಟಿ ವಾಪಸ್ ಕೊಟ್ಟು ಮುಂದಿನ ಪೆಟ್ಟಿಗೆಗೆ ದಾರ ಕಟ್ಟಿದಳು.

ಇಂಥ ತಪ್ಪು ಬೇರೆಲ್ಲೂ ಆಗುವಂಥದ್ದಲ್ಲ, ನಮ್ಮಲ್ಲೇ ಆಗಬೇಕು. ನಮ್ಮ ಕಂಪನಿಗಳು ಯಾರನ್ನೂ ಹೊರಗೆ ಹಾಕುವುದಿಲ್ಲ. ಛೆ ಛೆ, ಅಂಥ ಒರಟುತನ ನಮ್ಮ ಜಾಯಮಾನದಲ್ಲೇ ಇಲ್ಲ. ಹೋಗಬೇಕಾದವರು ಸುತ್ತಲಿನವರ ಮುಖಭಾವ ನೋಡಿ, ತಾವಾಗಿಯೇ ಅರ್ಥಮಾಡಿಕೊಂಡು, ಸ್ವಂತ ಕಾರಣಗಳಿಂದಾಗಿ ನನ್ನನ್ನು ಬಿಡುಗಡೆ ಮಾಡಬೇಕೆಂದು ವಿನಂತಿ ಅಂತ ಕೈಯಾರೆ ಬರೆದು, ಮೊಹರು ಒತ್ತಿ, ನಡು ಬಗ್ಗಿಸಿ ಕೊಡಬೇಕು. ಮೇಲಿನವರು ಅದನ್ನು ತುಂಬಾ ನೊಂದುಕೊಂಡು ಒಪ್ಪಿಕೊಳ್ಳುತ್ತಾರೆ. ಚಿಜುರುವಿನ ವಿಷಯದಲ್ಲಿ ಕೋಚ್ ಸೂಚನೆ ಕೊಟ್ಟಿರಬೇಕು ಅಂತ ಕಂಪನಿಯವರು ಅಂದುಕೊಂಡರು. ಕಂಪನಿಯವರು ಕೊಟ್ಟಿರಬೇಕು ಅಂತ ಕೋಚ್ ಅಂದುಕೊಂಡ. ಇಬ್ಬರೂ ಕೊಟ್ಟಿರಬೇಕು ಅಂತ ಆಟಗಾರ್ತಿಯರು ಅಂದುಕೊಂಡರು. ಬಾಯಿಬಿಟ್ಟು ಕೇಳುವುದು ಅಸಭ್ಯತೆ. ಹಾಗಾಗಿ ಒಬ್ಬರೂ ಕೇಳದೆ ಹೂವು, ಮೀನು, ಮೇಯರು ಎಲ್ಲವನ್ನೂ ಗೊತ್ತು ಮಾಡಿಬಿಟ್ಟರು.

ಚಿಜುರುವಿಗೆ ಮೂವತ್ತಾರು. ಹತ್ತೊಂಬತ್ತಕ್ಕೆ ತಂಡ ಸೇರಿ ನಾಲ್ಕನೇ ನಂಬರಿನ ಅಂಗಿ ತೊಟ್ಟವಳು. ಡಿಫೆಂಡರ್. ಅದೊಂದು ಪಾಪದ ಕೆಲಸ. ಗೋಲು ಹೊಡೆದವಳನ್ನು ಊರು ತಲೆಯ ಮೇಲೆ ಹೊತ್ತು ಮೆರೆಸುತ್ತದೆ, ಗೋಲು ತಡೆದವಳ ಹೆಸರು ಊಟದ ಹೊತ್ತಿಗೆ ಮರೆತಿರುತ್ತದೆ. ಊರಿನ ಪತ್ರಿಕೆಯಲ್ಲಿ ಅವಳ ಫೋಟೋ ಹನ್ನೊಂದು ಸಲ ಬಂದಿದೆ. ಹನ್ನೊಂದರಲ್ಲೂ ಚೆಂಡು ಅವಳ ಬೆನ್ನ ಹಿಂದೆ ಬಲೆಯೊಳಗೆ ಇದೆ. ಅವಳು ಹೊಡೆದ ಗೋಲು ಎರಡು. ತನ್ನ ಗೋಲಿಗೇ ಹೊಡೆದದ್ದು ಮೂರು. ಆ ಮೂರನ್ನು ಜನ ಇವತ್ತಿಗೂ ತಾರೀಖಿನ ಸಮೇತ ಹೇಳುತ್ತಾರೆ.

ದೇಶದ ತಂಡದ ಶಿಬಿರಕ್ಕೂ ಒಮ್ಮೆ ಕರೆ ಬಂದಿತ್ತು. ಮೂರು ದಿನ ಕರೆಸಿ, ಎರಡು ದಿನ ಬೆಂಚಿನ ಮೇಲೆ ಕೂರಿಸಿ, ಒಂದು ದಿನ ಅಭ್ಯಾಸದ ಪ್ಲಾಸ್ಟಿಕ್ ಕೋನುಗಳನ್ನು ಜೋಡಿಸುವ ಕೆಲಸ ಕೊಟ್ಟು ಕಳಿಸಿದರು. ಅದಾದ ಮೇಲೆ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ಬೇಸಿಗೆ ಬಂತು. ಅಬ್ಬಾ, ಆ ಬೇಸಿಗೆಯ ಪ್ರೀತಿಯೇ! ಅದುವರೆಗೆ ಇಸೊನಾಮಿಯ ಪಂದ್ಯಕ್ಕೆ ಬರುತ್ತಿದ್ದವರು ಆಟಗಾರ್ತಿಯರ ಅಮ್ಮಂದಿರು ಮತ್ತು ಎರಡು ನಾಯಿ. ಆ ವರ್ಷ ಆರು ಸಾವಿರ ಜನ ಬಂದರು. ಮೇಯರು ಕೊರಳಿಗೆ ತಂಡದ ಟವೆಲ್ ಸುತ್ತಿಕೊಂಡು ಮೊದಲ ಸಾಲಿನಲ್ಲಿ ಕೂತು, ಹೆಣ್ಣುಮಕ್ಕಳ ಆಟ ಅಂದರೆ ತಮಗೆ ಹುಟ್ಟಿನಿಂದ ಪ್ರಾಣ ಅಂದರು. ಮರುವರ್ಷ ಅವರ ಕುರ್ಚಿಯ ಮೇಲೆ ಯಾರೋ ಮರೆತ ಛತ್ರಿ ಕೂತಿತ್ತು. ಇಪ್ಪತ್ತೇಳನೇ ವಯಸ್ಸಿಗೆ ಚಿಜುರು ಮಂಡಿ ಮುರಿದುಕೊಂಡು ಹನ್ನೊಂದು ತಿಂಗಳು ಊರುಗೋಲಿನಲ್ಲಿ ಓಡಾಡಿದಳು. ಕಂಪನಿ ಒಂದು ಬುಟ್ಟಿ ಕಾಮಬೊಕೊ ಕಳಿಸಿತು, ಅದನ್ನು ಪ್ಯಾಕ್ ಮಾಡಿದ್ದು ಅವಳ ಪಕ್ಕದ ಮೇಜಿನವಳು.

ಪ್ರತಿ ಪಂದ್ಯದ ನಂತರ ಆತ್ಮವಿಮರ್ಶೆಯ ಸಭೆ ಇರುತ್ತದೆ. ಎಲ್ಲರೂ ವೃತ್ತವಾಗಿ ಕೂತು ತಮ್ಮ ತಪ್ಪು ಒಪ್ಪಿಕೊಳ್ಳಬೇಕು. ಗೋಲ್‌ಕೀಪರ್ ಚೆಂಡು ಕೈಬಿಟ್ಟಿರಲಿ, ಮುಂದೆ ಆಡುವವಳು ನಿದ್ದೆ ಹೊಡೆದಿರಲಿ, ಡಿಫೆಂಡರ್ ಚಿಜುರು ಮೊದಲು ಬಾಯಿ ತೆರೆದು “ನನ್ನ ತಪ್ಪು” ಅನ್ನಬೇಕು. ಹದಿನೇಳು ವರ್ಷ ಅಂದಳು. ಇದನ್ನು ಕೇಳಿ ಕೇಳಿ ಕೋಚ್ ಒಗಿನೊವಿಗೆ ಎಲ್ಲ ತಪ್ಪೂ ನಿಜಕ್ಕೂ ಅವಳದೇ ಅನ್ನಿಸಿರಲಿಕ್ಕೂ ಸಾಕು.

ಅವಳಿಗೆ ಬೇಕಾಗಿದ್ದು ಇನ್ನೊಂದು ವರ್ಷ, ಅಷ್ಟೇ. ಮಂಡಿ ಚೆನ್ನಾಗಿತ್ತು. ಓಟ ಕಡಿಮೆಯಾಗಿತ್ತು ನಿಜ, ಆದರೆ ಚೆಂಡು ಎಲ್ಲಿ ಬಂದು ಬೀಳುತ್ತದೆ ಅನ್ನುವುದು ಈಗ ಅವಳಿಗೆ ಯಾವತ್ತಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಮನೆಯಲ್ಲಿ, ಕಾರ್ಖಾನೆಯಲ್ಲಿ, ಜನ ಆಡದ ಮಾತನ್ನು ಊಹಿಸಿ ಊಹಿಸಿ ಅವಳು ಸೋತಿದ್ದಳು. ಮೈದಾನದಲ್ಲಿ ಊಹೆ ಬೇಕಿರಲಿಲ್ಲ, ಎದುರಾಳಿಗೆ ಗೋಲು ಬೇಕು, ಇವಳು ಅದನ್ನು ತಡೆಯಬೇಕು. ಆ ನೇರ ಬದುಕನ್ನು ಬಿಟ್ಟುಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಆ ದಿನವೇ ಅವಳು ಒಗಿನೊನ ಹತ್ತಿರ ಹೋದಳು. ಒಗಿನೊವಿಗೆ ಐವತ್ತೆರಡು. ಕಷ್ಟದ ಪ್ರಶ್ನೆ ಬಂದ ತಕ್ಷಣ ಆಕಾಶ ನೋಡುವುದು ಅವನ ವಿದ್ಯೆ. ನಾನು ಬಿಡ್ತೀನಿ ಅಂತ ಯಾರು ಹೇಳಿದರು ಅಂತ ಕೇಳಿದ್ದಕ್ಕೆ ಅವನು ಮೋಡಗಳನ್ನು ಪರೀಕ್ಷೆ ಮಾಡಿ, ಅದು ಕಂಪನಿಯ ವಿಷಯ, ತಾನು ಬರೀ ಆಟ ಕಲಿಸುವವನು, ಇಪ್ಪತ್ತರ ಹಿಯೊರಿಯಂಥ ಹುಡುಗಿಯರೂ ಬೆಳೀಬೇಕಲ್ಲ, ಹಾಗಂತ ತಾನೇನೂ ಹೇಳುತ್ತಿಲ್ಲ ಅಂದ. ಹಾಗಾದರೆ ಏನು ಹೇಳುತ್ತಿದ್ದೀರಿ ಅಂದರೆ, ಏನೂ ಹೇಳುತ್ತಿಲ್ಲ ಅಂದ. ಅದೊಂದು ಮಾತ್ರ ಸತ್ಯವಾಗಿತ್ತು.

ಕಜಮ ಅವಳನ್ನು ಊಟಕ್ಕೆ ಕರೆದುಕೊಂಡು ಹೋದ. ಹಾವುಮೀನು ಸುಟ್ಟು ಅನ್ನದ ಮೇಲೆ ಹಾಕಿ ಕೊಡುವ ಅಂಗಡಿ. ಆ ಅಂಗಡಿಗೆ ಕಜಮನ ಜೊತೆ ಹೋಗಿ ಬಂದವರು ಆರು ತಿಂಗಳಲ್ಲಿ ಕಂಪನಿಯಲ್ಲಿ ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಮುಖದ ತುಂಬ ಎಣ್ಣೆ ಹಚ್ಚಿಕೊಂಡ ಹಾಗಿನ ನಗು ಅವನದು. ಅರ್ಧ ತಟ್ಟೆ ಮುಗಿಯುವವರೆಗೆ ಹವೆಯ ಬಗ್ಗೆ ಮಾತಾಡಿದ. ಆಮೇಲೆ ಒಂದು ಬಿಳಿ ಹಾಳೆ, ಒಂದು ಪೆನ್ನು ಮೇಜಿನ ಮೇಲೆ ಸರಿಸಿದ.

“ಬರೀ ಶಾಸ್ತ್ರಕ್ಕೆ, ತೊಯೊಕುರ ಅವ್ರೇ. ನಿಮ್ಮ ಕೈಬರಹದಲ್ಲಿ ನಾಲ್ಕು ಸಾಲು. ನಿಮ್ಮ ಇಷ್ಟದಂತೇ ಆಗ್ಲಿ ಅಂತ ಕಂಪನಿ ಒಪ್ಪಿದೆ.”

“ನನ್ನ ಇಷ್ಟ ಏನು ಅಂತ ಕಂಪನಿಗೆ ಯಾರು ಹೇಳಿದ್ದು, ಸಾರ್?”

ಕಜಮನ ಚಾಪ್‌ಸ್ಟಿಕ್ ಗಾಳಿಯಲ್ಲೇ ನಿಂತಿತು. ಕೋಚ್ ಹೇಳಿರಬೇಕಲ್ಲ ಅಂದ. ಇಲ್ಲ ಅಂದಳು. ಹಾಗಾದರೆ ಎಲ್ಲೋ ಒಂದು ಸಣ್ಣ ಎಡವಟ್ಟಾಗಿದೆ ಅಂತ ಅವನು ಕಣ್ಣು ಕಿರಿದು ಮಾಡಿ ನಕ್ಕ. ಎಡವಟ್ಟಾಗಿದ್ದರೆ ಸರಿಮಾಡಬಹುದಲ್ಲ ಅಂತ ಚಿಜುರು ಒಂದು ಕ್ಷಣ ನಂಬಿದಳು, ಹುಚ್ಚಿ. ಕಜಮ ಬೆರಳು ಮಡಚುತ್ತಾ ಎಣಿಸಿದ. ಮೇಯರರು ಬೇರೊಂದು ಕಾರ್ಯಕ್ರಮ ಬಿಟ್ಟು ಬರುತ್ತಿದ್ದಾರೆ. ಪತ್ರಿಕೆಯವರು ಅರ್ಧ ಪುಟ ತೆಗೆದಿಟ್ಟಿದ್ದಾರೆ. ಹುಡುಗಿಯರು ದೊಡ್ಡ ರಟ್ಟಿನ ಮೇಲೆ ಒಬ್ಬೊಬ್ಬರಾಗಿ ವಿದಾಯದ ಮಾತು ಬರೆದು ಮುಗಿಸಿದ್ದಾರೆ, ಬರೆಯುವಾಗ ಇಬ್ಬರು ಅತ್ತೂ ಆಗಿದೆ. ಈಗ ನೀವು ಬಿಡುವುದಿಲ್ಲ ಅಂದರೆ ಇಷ್ಟೂ ಜನಕ್ಕೆ ಎಷ್ಟು ತೊಂದರೆ, ಎಷ್ಟು ಮುಜುಗರ, ನೀವೇ ಯೋಚನೆ ಮಾಡಿ ಅಂದ.

ತಪ್ಪು ಮಾಡಿದವರ ಮುಜುಗರ ತಪ್ಪಿಸಲು, ತಪ್ಪು ಮಾಡದವಳು ಮನೆಗೆ ಹೋಗಬೇಕು. ಇದು ನಮ್ಮವರ ನ್ಯಾಯ. ಚಿಜುರು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದಿಟ್ಟು, ಊಟಕ್ಕೆ ವಂದನೆ ಹೇಳಿ ಎದ್ದು ಬಂದಳು. ಹಾವುಮೀನು ಪೂರ್ತಿ ತಿಂದಿದ್ದಳು, ಬಿಡಲಿಲ್ಲ.

ಅಕ್ಟೋಬರ್ ಹದಿಮೂರರ ಭಾನುವಾರದ ಪಂದ್ಯ ಋತುವಿನ ಕೊನೆಯದು. ಗೆದ್ದರೆ ಇಸೊನಾಮಿ ಅದೇ ದರ್ಜೆಯಲ್ಲಿ ಉಳಿಯುತ್ತಿತ್ತು, ಸಮವಾದರೂ ಕೆಳಗೆ ಇಳಿಯುತ್ತಿತ್ತು. ಮೊದಲರ್ಧದಲ್ಲೇ ಹೇಗೋ ಒಂದು ಗೋಲು ಬಂತು. ಉಳಿದದ್ದೆಲ್ಲ ಚಿಜುರುವಿನ ಪಾಲಿಗೆ. ಎದುರಾಳಿಗಳು ಅಲೆಯಲೆಯಾಗಿ ಬಂದರು, ಅವಳು ತಲೆಯಲ್ಲಿ, ಎದೆಯಲ್ಲಿ, ಒಮ್ಮೆ ಮುಖದಲ್ಲೇ ತಡೆದಳು. ಮೂಗಿನಿಂದ ರಕ್ತ ಬಂದು ಹತ್ತಿ ತುರುಕಿಕೊಂಡು ಆಡಿದಳು. ಚಪ್ಪರದ ಕೆಳಗೆ ಮೇಯರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರಿಗೆ ಮೂರೂವರೆಯ ರೈಲಿಗೆ ಹೋಗಬೇಕಿತ್ತು.

ನಿವೃತ್ತಿಯಾಗುವವರನ್ನು ಕೊನೆಯ ಐದು ನಿಮಿಷ ಇರುವಾಗ ಹೊರಗೆ ಕರೆದು, ಜನರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟುವುದು ಪದ್ಧತಿ. ತಂಡ ನೂಲಿನ ಮೇಲೆ ನೇತಾಡುತ್ತಿರುವಾಗ ಗೋಡೆಯನ್ನೇ ಕಿತ್ತು ಹೊರಗಿಡುವುದು ಎಂಥ ಬುದ್ಧಿ ಅಂತ ನೀವು ಕೇಳಬಹುದು. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಗೆ ಅಚ್ಚಾಗಿತ್ತು, ಅಷ್ಟೇ ಬುದ್ಧಿ. ಎಂಬತ್ತೈದನೇ ನಿಮಿಷಕ್ಕೆ ಗೆರೆಯ ಪಕ್ಕ ಫಲಕ ಎದ್ದಿತು. ಕೆಂಪಿನಲ್ಲಿ ನಾಲ್ಕು. ಹಿಯೊರಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬರಲು ನಿಂತಿದ್ದಳು. ಅವಳ ಹಿಂದೆ ಕಜಮ ತೋಳು ತುಂಬ ಹೂಗುಚ್ಛ ಹಿಡಿದಿದ್ದ. ನಾನೂರು ಚಿಲ್ಲರೆ ಜನ ಎದ್ದು ಚಪ್ಪಾಳೆ ಶುರುಮಾಡಿದರು.

ಚಿಜುರು ಫಲಕವನ್ನು ನೋಡಿದಳು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ಹೋಗಿ ನಿಂತಳು. ಕಂಡಿಲ್ಲವೇನೋ ಅಂತ ಪಕ್ಕದವಳು ಕೈ ಮಾಡಿದಳು, ಕೋಚ್ ಕೈ ಮಾಡಿದ, ಕೊನೆಗೆ ರೆಫರಿ ಹೆಂಗಸು ಓಡಿಬಂದಳು.

“ನಾಲ್ಕನೇ ನಂಬರ್, ನಿಮ್ಮನ್ನ ಹೊರಗೆ ಕರೀತಿದಾರೆ.”

“ಕಾಣಿಸ್ತು. ನಾನು ಹೋಗಲ್ಲ.”

ರೆಫರಿ ಇಡೀ ಮೈದಾನದಲ್ಲಿ ನಿಯಮ ಓದಿದ ಒಬ್ಬಳೇ ಒಬ್ಬಳು. ಹೊರಗೆ ಹೋಗಬೇಕಾದ ಆಟಗಾರ್ತಿ ಒಪ್ಪದಿದ್ದರೆ ಆಟ ಮುಂದುವರಿಯುತ್ತದೆ, ಬದಲಿಯವಳು ಒಳಗೆ ಬರುವಂತಿಲ್ಲ. ನಿಯಮ ಅಷ್ಟೇ. ಅವಳು ತಲೆಯಾಡಿಸಿ ಸೀಟಿ ಊದಿದಳು. ಚಪ್ಪಾಳೆ ತಟ್ಟುತ್ತಿದ್ದವರ ಕೈ ನಡುವೆಯೇ ನಿಂತಿತು. ತಟ್ಟಬೇಕೋ ಕೂರಬೇಕೋ ಗೊತ್ತಾಗದೆ ಪಕ್ಕದವರನ್ನು ನೋಡಿಕೊಂಡರು. ಒಗಿನೊ ಆಕಾಶ ನೋಡಿದ. ಮೇಯರು ರೈಲಿಗೆ ಹೋದರು. ಕೊನೆಯ ಕಾರ್ನರಿನಲ್ಲಿ ಚೆಂಡು ತೂಗಿಕೊಂಡು ಬಂದಾಗ ಎಲ್ಲರಿಗಿಂತ ಒಂದು ಹೆಜ್ಜೆ ಮೊದಲು ಅಲ್ಲಿಗೆ ಹೋದವಳು ಚಿಜುರು. ತಲೆ ಕೊಟ್ಟು ಆಚೆ ಕಳಿಸಿದಳು. ಕೊನೆಯ ಸೀಟಿ ಕೇಳಿಸಿತು, ಇಸೊನಾಮಿ ಉಳಿಯಿತು.

ಇಷ್ಟಾದ ಮೇಲಾದರೂ ಯಾರಿಗಾದರೂ ಏನಾದರೂ ಅರ್ಥವಾಗಬೇಕಿತ್ತು. ಕಾರ್ಯಕ್ರಮ ಪಟ್ಟಿಯಲ್ಲಿದ್ದಂತೆಯೇ ನಡೆಯಿತು. ಮೆಲ್ಲನೆಯ ಸಂಗೀತ ಹಾಕಿದರು. ಹೂವು ಕೊಟ್ಟರು. ರಟ್ಟು ಕೊಟ್ಟರು. ಸುಮಿಯೆ ಬರೆದ ಮೀನು ಪೆಟ್ಟಿಗೆಯಲ್ಲಿ ಬಂತು. ಅದರ ಕಣ್ಣನ್ನು ಸುಮಿಯೆ ಬೇಕೆಂತಲೇ ಮೆಳ್ಳಗಣ್ಣು ಮಾಡಿದ್ದಳು. ಮೈಕು ಚಿಜುರುವಿನ ಕೈಗೆ ಬಂತು. ಅವಳು ಮೊದಲು ಜನರ ಕಡೆಗೆ ನಡು ಬಗ್ಗಿಸಿ ವಂದಿಸಿದಳು.

“ಎಲ್ಲರಿಗೂ ತೊಂದರೆ ಕೊಟ್ಟೆ, ಕ್ಷಮಿಸಿ. ನಾನು ಆಟ ಬಿಡ್ತಾ ಇಲ್ಲ. ಬಿಡ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಬಿಡು ಅಂತ ನನಗೂ ಯಾರೂ ಹೇಳಿಲ್ಲ.”

ಮೂರನೇ ಸಾಲಿನಲ್ಲೊಬ್ಬ ಮುದುಕ ಚಪ್ಪಾಳೆ ತಟ್ಟಿದ. ಭಾಷಣ ಮುಗಿದ ಮೇಲೆ ತಟ್ಟಬೇಕಲ್ಲ, ತಟ್ಟಿದ. ಅವನ ಹಿಂದೆ ಎಲ್ಲರೂ ತಟ್ಟಿದರು. ನಿರೂಪಣೆಯವಳು ತನ್ನ ಕೈಯ ಹಾಳೆ ನೋಡಿಕೊಂಡು, ಮನಮುಟ್ಟುವ ವಿದಾಯದ ಮಾತುಗಳಿಗಾಗಿ ಧನ್ಯವಾದ ಅಂದಳು. ಹುಡುಗಿಯರು ಅಳುತ್ತಾ ನಗುತ್ತಾ ಓಡಿಬಂದು ಅವಳನ್ನು ಅನಾಮತ್ತಾಗಿ ಎತ್ತಿ ಮೇಲಕ್ಕೆ ಹಾರಿಸಿದರು. ವರ್ಷಕ್ಕೊಂದರಂತೆ ಹದಿನೇಳು ಸಲ ಹಾರಿಸುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಬಿಡ್ರೇ, ಇಳಿಸ್ರೇ ಅಂತ ಅವಳು ಕೂಗಿದ್ದು ಅವರ ಎಣಿಕೆಯ ಸದ್ದಿನಲ್ಲಿ ಮುಳುಗಿಹೋಯಿತು.

ಒಂಬತ್ತನೆಯದೋ ಹತ್ತನೆಯದೋ ಸಲ ಮೇಲೆ ಹೋದಾಗ ಅವಳಿಗೆ ಸತೊಮಿಯ ನೆನಪು ಬಂತು. ಸತೊಮಿ ಎಂಟು ವರ್ಷದ ಹಿಂದೆ ಬಿಟ್ಟ ಗೋಲ್‌ಕೀಪರ್. ಇದೇ ಮೈದಾನದಲ್ಲಿ ಅವಳನ್ನೂ ಹೀಗೇ ಹಾರಿಸಿದ್ದರು, ಕಾಲಿನ ಕಡೆ ಹಿಡಿದವಳು ಚಿಜುರುವೇ. ಸತೊಮಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆನಂದಬಾಷ್ಪ ಅಂತ ಎಲ್ಲರೂ ಅಂದುಕೊಂಡು ಇನ್ನಷ್ಟು ಎತ್ತರಕ್ಕೆ ಹಾರಿಸಿದ್ದರು. ರಟ್ಟಿನ ಮೇಲೆ ತಾನು ಏನು ಬರೆದಿದ್ದೆ ಅಂತ ಚಿಜುರು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಎಲ್ಲರೂ ಬರೆಯುವುದನ್ನೇ ಬರೆದಿದ್ದಿರಬೇಕು.

ಮಾರನೆಯ ದಿನ ಪತ್ರಿಕೆಯಲ್ಲಿ ‘ಕಣ್ಣೀರಿನ ವಿದಾಯ’ ಅಂತ ಅರ್ಧ ಪುಟ ಬಂತು. ಅವಳು ಹೊರಗೆ ಬರಲೊಪ್ಪದ್ದನ್ನು, ಕೊನೆಯ ಸೀಟಿಯವರೆಗೆ ಮೈದಾನ ಬಿಡಲಾರದ ಪ್ರೀತಿ ಅಂತ ಬಣ್ಣಿಸಿದ್ದರು. ಮೈಕಿನಲ್ಲಿ ಆಡಿದ ಮಾತಿನ ಸುದ್ದಿಯೇ ಇರಲಿಲ್ಲ. ಫೋಟೋದಲ್ಲಿ ಚಿಜುರು ಗಾಳಿಯಲ್ಲಿ ಕೈಕಾಲು ಬಡಿಯುತ್ತಿದ್ದಳು.

ನವೆಂಬರ್ ಕಳೆಯಿತು, ಡಿಸೆಂಬರ್ ಬಂತು. ಹೊಸ ವರ್ಷದ ಊಟಕ್ಕೆ ಕೆಂಪು ಬಿಳಿ ಕಾಮಬೊಕೊ ಇಲ್ಲದ ಮನೆಯಿಲ್ಲ. ಇಸೊನಾಮಿಯಲ್ಲಿ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಇಡೀ ತಂಡ ಸಾಲಾಗಿ ನಿಂತು ಪ್ಯಾಕ್ ಮಾಡಿತು. ಚಿಜುರುವಿನ ಎಡಕ್ಕೂ ಬಲಕ್ಕೂ ಅವಳನ್ನು ಹಾರಿಸಿದ ಹುಡುಗಿಯರೇ. ಒಬ್ಬಳೂ ಆ ಮಾತೆತ್ತಲಿಲ್ಲ. ದಾರ ಕೊಡಿ ಅಕ್ಕ, ಪೆಟ್ಟಿಗೆ ಮುಗೀತು ಅಕ್ಕ, ಚಳಿ ಅಲ್ವಾ ಅಕ್ಕ, ಇಷ್ಟೇ. ಪ್ರತಿ ಸೋಮವಾರ ಅವಳ ಕಪಾಟಿನಲ್ಲಿ ಒಂದು ಬಿಳಿ ಹಾಳೆ ಇರುತ್ತಿತ್ತು. ಜೊತೆಗೆ ಏನು ಬರೆಯಬೇಕು ಅನ್ನುವ ಮಾದರಿ, ಪೆನ್ಸಿಲಿನಲ್ಲಿ. ಅವಳು ಪ್ರತಿ ಸೋಮವಾರ ಅದನ್ನು ಕಜಮನ ಮೇಜಿನ ಮೇಲಿಟ್ಟು, ಬಗ್ಗಿ ವಂದಿಸಿ ಬರುತ್ತಿದ್ದಳು. ಅವನೂ ಬಗ್ಗಿ ವಂದಿಸುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಹುಲಿಯಂತೆ ಕೂಗಾಡಿದ್ದರೂ ಅವಳು ಸಹಿಸುತ್ತಿದ್ದಳು, ಆ ನಗುವನ್ನು ಸಹಿಸುವುದು ಕಷ್ಟವಾಗಿತ್ತು.

ತಿಂಗಳ ಕೊನೆಗೆ ಸತೊಮಿ ಕಾರ್ಖಾನೆಯ ಅಂಗಡಿಗೆ ಕಾಮಬೊಕೊ ಕೊಳ್ಳಲು ಬಂದಳು, ಸೊಂಟದ ಮೇಲೆ ಮಗು. ಚಿಜುರು ಕೈಯ ಕೆಲಸ ಬಿಟ್ಟು ಹೊರಗೆ ಓಡಿದಳು. ಕುಶಲ ಗಿಶಲ ಏನೂ ಕೇಳಲಿಲ್ಲ.

“ಸತೊಮಿ, ಆವತ್ತು ನಿನಗೆ ನಿಜವಾಗ್ಲೂ ಬಿಡೋಕೆ ಇಷ್ಟ ಇತ್ತಾ?”

ಸತೊಮಿ ಮಗುವಿನ ಟೋಪಿ ಸರಿಮಾಡಿದಳು. ಬಹಳ ಹೊತ್ತು ಸರಿಮಾಡಿದಳು.

“ನೀನೂ ಕೇಳ್ಲಿಲ್ಲ ಅಲ್ವಾ ಆವಾಗ,” ಅಂದಳು.

ಚಿಜುರು ನಡು ಬಗ್ಗಿಸಿದಳು. ಹದಿನೇಳು ವರ್ಷ ಬೇರೆಯವರ ತಪ್ಪಿಗೆಲ್ಲ ಬಗ್ಗಿದವಳು, ತನ್ನದೇ ತಪ್ಪಿಗೆ ಬಗ್ಗಿದ್ದು ಅದೇ ಮೊದಲು. ಸತೊಮಿ ಅವಳ ಭುಜ ತಟ್ಟಿ, ಎರಡು ಕೆಂಪು ಎರಡು ಬಿಳಿ ತೆಗೆದುಕೊಂಡು ಹೋದಳು.

ಹೊಸ ಋತುವಿನ ಮೊದಲ ಅಭ್ಯಾಸ ಜನವರಿ ಹದಿನಾಲ್ಕಕ್ಕೆ. ಹಲಗೆಯ ಮೇಲೆ ಇಪ್ಪತ್ತೆರಡು ಹೆಸರು ಹಚ್ಚಿದ್ದರು, ತೊಯೊಕುರ ಅನ್ನುವ ಹೆಸರು ಅದರಲ್ಲಿರಲಿಲ್ಲ. ಅವಳ ರಾಜೀನಾಮೆ ಕಾಗದ ಕೈಗೆ ಬಾರದ್ದರಿಂದ ತೆಗೆದೂ ಹಾಕಿರಲಿಲ್ಲ, ಬರೆಯುವುದನ್ನು ಮರೆತಂತೆ ಮಾಡಿದ್ದರು. ನಾಲ್ಕನೇ ನಂಬರಿನ ಹೊಸ ಅಂಗಿ ಹಿಯೊರಿಯ ಮೈಮೇಲಿತ್ತು. ಚಿಜುರು ತನ್ನ ಹಳೆಯ ಬೂಟು ಕಟ್ಟಿಕೊಂಡು ಬಂದು ಸಾಲಿನ ಕೊನೆಗೆ ನಿಂತಳು. ಇಪ್ಪತ್ತೆರಡು ಹುಡುಗಿಯರು ತಂತಮ್ಮ ಕಾಲ್ಬೆರಳು ನೋಡಿಕೊಂಡರು. ಕಂಪನಿಯ ಪರವಾಗಿ ಶುಭ ಹಾರೈಸಲು ಬಂದಿದ್ದ ಕಜಮ ಫೋನು ಕಿವಿಗಿಟ್ಟುಕೊಂಡ, ಅದು ಬಡಿದುಕೊಂಡೇ ಇರಲಿಲ್ಲ. ಒಗಿನೊ ಹೊಸ ವರ್ಷ, ಹೊಸ ಹುರುಪು ಅಂತ ಏನೋ ಶುರುಮಾಡಿದ. ಚಿಜುರು ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು.

“ಕೋಚ್ ಸಾರ್, ಒಂದು ಮಾತು. ನಾಳೆಯಿಂದ ಬರಬೇಡ ಅಂತ ಹೇಳಿ. ನನ್ನ ಮುಖ ನೋಡ್ಕೊಂಡು ಹೇಳಿ. ಈಗಲೇ ಹೋಗ್ತೀನಿ. ಕಾಗದಾನೂ ಬರ್ದುಕೊಡ್ತೀನಿ.”

ಬೆದರಿಕೆಯಲ್ಲ, ಸುಮ್ಮನೆ ಆಡಿದ ಮಾತೂ ಅಲ್ಲ. ಒಂದೇ ವಾಕ್ಯ ಸಾಕಿತ್ತು, ಅವಳು ಹೋಗುತ್ತಿದ್ದಳು. ಅವನು ಎಲ್ಲಿ ಹೇಳಿಬಿಡುತ್ತಾನೋ ಅಂತ ಹೆದರಿಕೆ, ಹೇಳಲಿ ಅನ್ನುವ ಆಸೆಯೂ ಹೌದು. ಒಗಿನೊ ಬಾಯಿ ತೆರೆದ. ಕಜಮನ ಕಡೆ ನೋಡಿದ. ಕಜಮ ಸುಮ್ಮನಿದ್ದ ಫೋನಿಗೆ ಹೂಂ ಹೂಂ ಅನ್ನುತ್ತಾ ಗೇಟಿನ ಕಡೆ ನಡೆದಿದ್ದ. ಒಗಿನೊನ ಬಾಯಿ ಮುಚ್ಚಿತು. ಮತ್ತೆ ತೆರೆಯಿತು.

“ಈ ವರ್ಷ ಹಿಮ ಸ್ವಲ್ಪ ಕಡಿಮೆ ಬಿದ್ದಿದೆ, ಅಲ್ವಾ,” ಅಂದ.

ಆಮೇಲೆ ಎಲ್ಲರಿಗೂ ಮೈದಾನದ ಸುತ್ತ ಐದು ಸುತ್ತು ಓಡಲು ಹೇಳಿದ. ಎಲ್ಲರೂ ಅಂದರೆ ಚಿಜುರುವೂ ಸೇರಿ. ಅವಳು ಓಡಿದಳು. ಗೆದ್ದೆ ಅಂತ ಅವಳಿಗೆ ಅನ್ನಿಸಲಿಲ್ಲ. ಇಂಥವರ ಗೋಲನ್ನು ಹದಿನೇಳು ವರ್ಷ ಮೂಗು ಮಂಡಿ ಒಡೆದುಕೊಂಡು ಕಾದೆನಲ್ಲ ಅಂತ ಹೇಸಿಗೆಯಾಯಿತು. ಎದೆಯಲ್ಲಿ ಸಿಟ್ಟು ತುಂಬಿ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಎರಡನೇ ಸುತ್ತಿನಲ್ಲಿ ಹಿಯೊರಿ ಅವಳ ಪಕ್ಕಕ್ಕೆ ಬಂದಳು. ಹುಡುಗಿಯ ಮುಖ ಕೆಂಪಾಗಿತ್ತು, ಚಳಿಗೋ ನಾಚಿಕೆಗೋ.

“ಅಕ್ಕ, ಅವರು ಹೇಳಿದ್ದಿದ್ರೆ ನಿಜವಾಗ್ಲೂ ಹೋಗ್ತಿದ್ರಾ?”

“ಹೋಗ್ತಿದ್ದೆ.”

“ಯಾಕೆ?”

“ಒಬ್ಬರಾದ್ರೂ ನನ್ನ ಹತ್ರ ನಿಜ ಮಾತಾಡಿದ್ರು ಅಂತಾಗ್ತಿತ್ತಲ್ಲ.”

ಮೂಲೆ ಕಳೆಯಿತು, ಗೋಲಿನ ಕಂಬ ಕಳೆಯಿತು. ಹುಡುಗಿ ಗಂಟಲು ಸರಿಮಾಡಿಕೊಳ್ಳುವುದು ಚಿಜುರುವಿಗೆ ಕೇಳಿಸಿತು. ಇನ್ನೇನು, ಹಿಮದ ಮಾತು ಬರುತ್ತದೆ ಅಂದುಕೊಂಡಳು.

“ಅಕ್ಕ, ನಿಮ್ಮ ಜಾಗ ನನಗೆ ಬೇಕು. ನೀವು ಹೋಗ್ತೀರಿ ಅಂತ ಗೊತ್ತಾದಾಗ ನನಗೆ ಖುಷಿ ಆಗಿತ್ತು. ರಟ್ಟಿನ ಮೇಲೆ ನಾನು ಬರ್ದಿದ್ದೆಲ್ಲ ಸುಳ್ಳು.”

ಚಿಜುರು ಓಡುತ್ತಲೇ ತಿರುಗಿ ನೋಡಿದಳು. ಹಿಯೊರಿ ಅಳುತ್ತಿರಲಿಲ್ಲ, ತಲೆ ತಗ್ಗಿಸಿರಲೂ ಇಲ್ಲ. ಚಿಜುರುವಿನ ಮುಖ ನೋಡಿಯೇ ಹೇಳಿದ್ದಳು. ಚಿಜುರುವಿಗೆ ಒಮ್ಮೆಲೇ ಉಸಿರು ಸರಾಗವಾಯಿತು.

“ಹಾಗೆ ಹೇಳು,” ಅಂದಳು. “ಬೇಕಾದ್ರೆ ಬಂದು ಕಿತ್ಕೋ.”

ಮೂರನೇ ಸುತ್ತಿಗೆ ಇಬ್ಬರೂ ಮಿಕ್ಕವರನ್ನೆಲ್ಲ ಹಿಂದೆ ಹಾಕಿದ್ದರು. ಹಿಯೊರಿ ಒಂದು ಹೆಜ್ಜೆ ಮುಂದಾದಳು, ಚಿಜುರು ಅವಳನ್ನು ಬಿಡಲಿಲ್ಲ.